ಸೀಟಿನಡಿಯ ಆರು ಪಿನ್ನು: ಬೈಕಿನ ಇಸಿಯುಗೆ ಲ್ಯಾಪ್‌ಟಾಪ್ ಜೋಡಿಸುವ ಬಗೆ

ಬದಿಯಡ್ಕದ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಉಂಟು. ನಾನು ಬೈಕ್ ಮೆಕ್ಯಾನಿಕ್ ಅಲ್ಲ. ಆದರೂ ಈಗ ವಾರಕ್ಕೊಂದಾದರೂ ಬೈಕು ಅಂಗಡಿ ಎದುರು ಬಂದು ನಿಲ್ಲುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂತು, ಅಲ್ವಾ? ಮೊದಲು ಸ್ಕ್ರೂಡ್ರೈವರ್ ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಈಗ ಇಸಿಯು ಎಂಬ ಸಣ್ಣ ಡಬ್ಬಿ ಮಾಡುತ್ತದೆ. ಅದರ ಹತ್ತಿರ ಮಾತಾಡಬೇಕಾದರೆ ಲ್ಯಾಪ್‌ಟಾಪೇ ಬೇಕು.

ಹೋದ ಮಳೆಗಾಲದ ಕೊನೆಗೆ ಅಕ್ಕನ ಮಗ ತನ್ನ 200 ಸಿಸಿ ಬೈಕು ತಂದ. ಹೊಸ ಸೈಲೆನ್ಸರ್ ಹಾಕಿಸಿದ್ದ. "ಮಾವ, ಇದಕ್ಕೊಂದು ಮ್ಯಾಪ್ ಹಾಕಿ ಕೊಡ್ತೀರಾ? ಮೈಲೇಜ್ 38 ಇದ್ದದ್ದು 30ಕ್ಕೆ ಇಳಿದಿದೆ" ಅಂದ. ಮ್ಯಾಪ್ ಎಂದರೆ ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕೆಂದು ಬರೆದಿಟ್ಟ ಕೋಷ್ಟಕ. ಆ ಬೈಕನ್ನೇ ಹಿಡಿದುಕೊಂಡು ನಾನು ಮಾಡುವ ಕ್ರಮ ಹೇಳುತ್ತೇನೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ವಿಂಡೋಸ್ ಇರುವ ಹಳೇ ಲ್ಯಾಪ್‌ಟಾಪ್, ಇಸಿಯುಗೂ ಲ್ಯಾಪ್‌ಟಾಪ್‌ಗೂ ನಡುವೆ ಮಾತು ದಾಟಿಸುವ ಇಎಲ್‌ಎಂ327 ಅಡಾಪ್ಟರ್, ಬೈಕಿನ ಡಯಾಗ್ನೋಸ್ಟಿಕ್ ಪ್ಲಗ್‌ನಿಂದ (ಸ್ಪಾರ್ಕ್ ಪ್ಲಗ್ ಅಲ್ಲ, ಇಸಿಯು ಹತ್ತಿರ ಮಾತಾಡಲಿಕ್ಕೆ ಇರುವುದು) ಕಾರಿನ 16 ಪಿನ್ ಸಾಕೆಟ್‌ಗೆ ಹೋಗುವ ಕೇಬಲ್, ಒಂದು ಮಲ್ಟಿಮೀಟರ್. ಅಡಾಪ್ಟರ್ ಯುಎಸ್‌ಬಿಯದ್ದೇ ಇರಲಿ. ಬ್ಲೂಟೂತ್‌ದು ಇಸಿಯು ಬರೆದಿಟ್ಟ ದೋಷದ ಕೋಡ್ ನೋಡಲಿಕ್ಕೆ ಸಾಕು, ಆದರೆ ನಡುವೆ ಕಡಿದುಹೋದರೆ ತಪ್ಪು ಎಲ್ಲಿಯದೆಂದು ಹುಡುಕುವುದೇ ಒಂದು ಕೆಲಸ. ಇನ್ನು, ತೀರಾ ಅಗ್ಗದ ನಕಲಿ ಚಿಪ್‌ಗಳಲ್ಲಿ ಅರ್ಧ ಕಮಾಂಡ್‌ಗಳು ಕೆಲಸವೇ ಮಾಡುವುದಿಲ್ಲ. ಅಂಥವು ಎರಡು ನನ್ನ ಡ್ರಾಯರ್‌ನಲ್ಲಿ ಬಿದ್ದಿವೆ.

ಪ್ಲಗ್ ಹೆಚ್ಚಾಗಿ ಸೀಟಿನಡಿಯಲ್ಲಿ ಇರುತ್ತದೆ, ಇಲ್ಲವಾದರೆ ಬ್ಯಾಟರಿ ಪಕ್ಕದ ಕವರ್ ಒಳಗೆ. ಬೇರೆ ಯಾವುದಕ್ಕೂ ಜೋಡಿಸದೆ ರಬ್ಬರ್ ಟೋಪಿ ಹಾಕಿಕೊಂಡು ಸುಮ್ನೆ ಕೂತ ಒಂದು ಕನೆಕ್ಟರ್ ಕಂಡರೆ ಅದೇ. ಹೊಸ ಬೈಕುಗಳಲ್ಲಿ ಆರು ಪಿನ್ನಿನ ಕೆಂಪು ಕನೆಕ್ಟರ್ ಜಾಸ್ತಿ. ಹೋಂಡಾದ ಹಲವು ಬೈಕುಗಳಲ್ಲಿ ನಾಲ್ಕು ಪಿನ್. ಟೋಪಿ ತೆಗೆದು ಟಾರ್ಚ್ ಹಾಕಿ ಒಳಗೆ ನೋಡಿ. ನಮ್ಮೂರಿನ ಮಳೆಗೆ ಪಿನ್ನುಗಳಲ್ಲಿ ಹಸಿರು ಕಿಲುಬು ಬಂದಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಲಿಕ್ಕೆ ಬಿಟ್ಟು, ಆಮೇಲೆ ಮುಂದಿನ ಕೆಲಸ.

ಇಲ್ಲಿ ಸ್ವಲ್ಪ ನಿಲ್ಲಿ. ಕೇಬಲ್ ಸಿಕ್ಕಿತೆಂದು ಚುಚ್ಚಬೇಡಿ.

ನಾನು ಚುಚ್ಚಿದ್ದೆ. ಆನ್‌ಲೈನ್‌ನಲ್ಲಿ ತರಿಸಿದ ಕೇಬಲ್. ಕೀ ತಿರುಗಿಸಿದ್ದೇ ತಡ, ಟಪ್ ಎಂದಿತು, ಫ್ಯೂಸ್ ಹೋಯಿತು. ಆಮೇಲೆ ಮೀಟರ್ ಹಿಡಿದು ನೋಡಿದರೆ, 16ನೇ ಪಿನ್ನಿಗೆ ಹೋಗಬೇಕಾದ ಬ್ಯಾಟರಿ ವೈರನ್ನು 5ನೇ ಪಿನ್ನಿಗೆ ಕೂರಿಸಿದ್ದರು. 4 ಮತ್ತು 5 ಎರಡೂ ಅರ್ತ್. ಅಡಾಪ್ಟರ್ ಒಳಗೆ ಅವೆರಡೂ ಒಂದೇ ಕಡೆ ಸೇರುತ್ತವೆ. ಅಂದರೆ ಬ್ಯಾಟರಿಯ ಪ್ಲಸ್ಸನ್ನು ನಾನೇ ಸೀದಾ ಮೈನಸ್ಸಿಗೆ ಕಟ್ಟಿದ ಹಾಗೆ. ಆರು ಪಿನ್ ಎಂದರೆ ಎಲ್ಲ ಕಂಪೆನಿಯದ್ದೂ ಒಂದೇ ಜೋಡಣೆ ಎಂದುಕೊಳ್ಳಬೇಡಿ. ನೋಡಲಿಕ್ಕೆ ಒಂದೇ ತರ ಇದ್ದು ಒಳಗಿನ ವೈರು ಬೇರೆ ಇರುವ ಕೇಬಲ್‌ಗಳು ಬೇಕಾದಷ್ಟು ಇವೆ.

ಅದಕ್ಕೆ ನಾಲ್ಕು ನಿಮಿಷದ ಈ ಪರೀಕ್ಷೆ ಮಾಡಿ. ಸರ್ವಿಸ್ ಮ್ಯಾನುವಲ್‌ನ ವೈರಿಂಗ್ ಚಿತ್ರ ಸಿಕ್ಕಿದರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಕೀ ಆಫ್ ಇಟ್ಟು, ಬ್ಯಾಟರಿ ಮೈನಸ್‌ಗೆ ಯಾವ ಪಿನ್ನು ಬೀಪ್ ಅನ್ನುತ್ತದೋ ಅದು ಅರ್ತ್. ಉಳಿದ ಪಿನ್ನುಗಳಲ್ಲಿ ಯಾವುದೋ ಎರಡರ ನಡುವೆ 60 ಓಮ್ ಹತ್ತಿರ ತೋರಿಸಿದರೆ ಅವು ಇಸಿಯು ಮಾತು ಸಾಗಿಸುವ ಕ್ಯಾನ್ ವೈರುಗಳು. ಎರಡು ತುದಿಯಲ್ಲಿ 120ರ ಒಂದೊಂದು ರೆಸಿಸ್ಟರ್ ಇರುವುದರಿಂದ ಒಟ್ಟು 60 ಬರುತ್ತದೆ. ಕೀ ಆನ್ ಮಾಡಿದರೆ ಆ ಎರಡರಲ್ಲೂ ಎರಡೂವರೆ ವೋಲ್ಟ್ ಆಸುಪಾಸು ಇರುತ್ತದೆ. ಹಳೇ ಪದ್ಧತಿಯ ಕೆ-ಲೈನ್ ಆದರೆ ಒಂದೇ ವೈರು, ಸುಮ್ಮನಿರುವಾಗ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್. ಇನ್ನೊಂದು ತುದಿಯಲ್ಲಿ, ಅಂದರೆ 16 ಪಿನ್ನಿನ ಸಾಕೆಟ್‌ನಲ್ಲಿ, ಕ್ಯಾನ್ ವೈರುಗಳು 6 ಮತ್ತು 14ಕ್ಕೆ, ಕೆ-ಲೈನ್ 7ಕ್ಕೆ, ಬ್ಯಾಟರಿ 16ಕ್ಕೆ ಬಂದಿರಬೇಕು. ಬಂದಿದ್ದರೆ ಜೋಡಿಸಿ.

ಲ್ಯಾಪ್‌ಟಾಪ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ಗೆ ಯಾವ ಕಾಮ್ ಪೋರ್ಟ್ ಸಿಕ್ಕಿದೆ ನೋಡಿ. ಹಳದಿ ಗುರುತು ಬಂದರೆ ಡ್ರೈವರ್ ಇಲ್ಲ ಎಂದರ್ಥ. ಆಮೇಲೆ ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದು, ಸೀರಿಯಲ್ ಆರಿಸಿ, ಆ ಕಾಮ್ ಪೋರ್ಟ್ ಮತ್ತು ವೇಗ 38400 ಕೊಡಿ. ಚಂದದ ಮುಳ್ಳಿನ ಮೀಟರ್ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಮೊದಲ ಸಲ ಕಪ್ಪು ಪರದೆಯಲ್ಲೇ ಮಾಡಿ. ತಪ್ಪು ಎಲ್ಲಿ ಎಂದು ಅದು ಸೀದಾ ಹೇಳುತ್ತದೆ.

ಮೊದಲು 'ಎಟಿಝಡ್' ಹೊಡೆದು ಎಂಟರ್. (ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಗೊತ್ತಲ್ಲ.) ಅಡಾಪ್ಟರ್ ತನ್ನ ಹೆಸರು ಹೇಳುತ್ತದೆ. ಆಮೇಲೆ 'ಎಟಿಆರ್‌ವಿ'. ಬ್ಯಾಟರಿ ವೋಲ್ಟೇಜ್ ಬರುತ್ತದೆ. ಅಳಿಯನ ಬೈಕಿನಲ್ಲಿ 12.4 ಬಂತು. ಆಮೇಲೆ 'ಎಟಿಎಸ್‌ಪಿ0', ಅಂದರೆ ಭಾಷೆ ಯಾವುದೆಂದು ನೀನೇ ಹುಡುಕು ಅಂತ. ಕೊನೆಗೆ '0100'. ಸರ್ಚಿಂಗ್ ಎಂದು ಬಂದು, 41 00ದಿಂದ ಶುರುವಾಗುವ ಒಂದು ಸಾಲು ಬಿದ್ದರೆ ಇಸಿಯು ಮಾತಾಡಿತು ಎಂದೇ ಲೆಕ್ಕ.

ನಮಗೆ ಬಿದ್ದದ್ದು 'ಅನೇಬಲ್ ಟು ಕನೆಕ್ಟ್'. ಮೂರು ಸಲ. ಕೇಬಲ್ ಬಿಚ್ಚಿ ಪುನಃ ನೋಡಿದೆ, ಎಲ್ಲ ಸರಿ. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹ್ಯಾಂಡಲ್ ಕಡೆ ಕಣ್ಣು ಹೋಯಿತು. ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಆಫ್ ಕಡೆಗೆ ಇತ್ತು! ಎಷ್ಟೋ ಬೈಕುಗಳಲ್ಲಿ ಕಿಲ್ ಸ್ವಿಚ್ ಆನ್, ಅಂದರೆ ಎಂಜಿನ್ ಓಡುವ ಕಡೆಗೆ, ಇದ್ದರೆ ಮಾತ್ರ ಇಸಿಯುಗೆ ಕರೆಂಟ್ ಹೋಗುವುದು. ಕೀ ಆನ್, ಕಿಲ್ ಸ್ವಿಚ್ ಆನ್, ಎರಡೂ ಬೇಕು.

ಈಗ ನಿಜವಾದ ಮಾತು ಶುರು. ಎಂಜಿನ್ ಸ್ಟಾರ್ಟ್ ಮಾಡಿ '010ಸಿ' ಕೇಳಿದೆವು. ಉತ್ತರ '41 0ಸಿ 15 7ಸಿ'. ಕೊನೆಯ ಎರಡೇ ನಮಗೆ ಬೇಕಾದದ್ದು. ಇದು 16ರ ಲೆಕ್ಕ, ಅಂದರೆ ಹೆಕ್ಸಾಡೆಸಿಮಲ್. 157ಸಿ ಎಂದರೆ ನಮ್ಮ ಲೆಕ್ಕದಲ್ಲಿ 5500. ನಾಲ್ಕರಿಂದ ಭಾಗಿಸಿದರೆ 1375. ಅದೇ ಆರ್‌ಪಿಎಂ. ಅಳಿಯ ಮೀಟರ್ ಬೋರ್ಡಿನ ಮುಳ್ಳು ನೋಡಿದ, ಸ್ಕ್ರೀನ್ ನೋಡಿದ, "ಅರೆ, ಸರಿ ಉಂಟಲ್ಲ ಮಾವ" ಅಂದ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ '0107' ಕೇಳಿ. ಟ್ಯೂನಿಂಗ್ ಎಂದು ಓಡುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ ಎಂದು ನನ್ನ ಲೆಕ್ಕ. ಇದು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್. ಕಂಪೆನಿ ಬರೆದಿಟ್ಟದ್ದಕ್ಕಿಂತ ಪೆಟ್ರೋಲ್ ಎಷ್ಟು ಜಾಸ್ತಿ ಅಥವಾ ಕಮ್ಮಿ ಕೊಡಬೇಕಾಗಿ ಬಂದಿದೆ ಎಂದು ಇಸಿಯು ತಾನೇ ಇಟ್ಟುಕೊಂಡ ಲೆಕ್ಕ. ಎಲ್ಲ ಬೈಕುಗಳೂ ಇದನ್ನು ಹೇಳುವುದಿಲ್ಲ. ಅಳಿಯನದ್ದು ಹೇಳಿತು: '41 07 98'. 98 ಎಂದರೆ 152. ಅದರಲ್ಲಿ 128 ಕಳೆದರೆ 24. 24ನ್ನು 128ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 18.75. ಅಂದರೆ ಸುಮಾರು 19 ಪರ್ಸೆಂಟ್ ಜಾಸ್ತಿ ಪೆಟ್ರೋಲ್! 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಸ್ವಲ್ಪ ಜಾಸ್ತಿ ಬೇಕಾಗುವುದು ಹೌದು. ಇಷ್ಟು ಬೇಡ.

ಯಾಕೆ ಎಂದು ಯೋಚಿಸಿ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಉಂಟು. ಹೊಗೆಯಲ್ಲಿ ಆಕ್ಸಿಜನ್ ಕಂಡರೆ ಇಸಿಯು ಪೆಟ್ರೋಲ್ ಕಮ್ಮಿಯಾಯಿತು ಎಂದುಕೊಂಡು ಜಾಸ್ತಿ ಬಿಡುತ್ತದೆ. ಆ ಆಕ್ಸಿಜನ್ ಎಂಜಿನ್ನಿನಿಂದ ಬಂತೋ, ಹೊರಗಿನಿಂದ ನುಗ್ಗಿತೋ, ಪಾಪ, ಅದಕ್ಕೆ ಗೊತ್ತಾಗುವುದಿಲ್ಲ. ಎಂಜಿನ್ ಆರಿಸಿ, ತಣಿಯಲಿಕ್ಕೆ ಬಿಟ್ಟು, ಹೆಡ್‌ಗೂ ಪೈಪಿಗೂ ನಡುವಿನ ಜಾಯಿಂಟ್‌ಗೆ ಸಾಬೂನು ನೀರು ಹಚ್ಚಿ ಸ್ಟಾರ್ಟ್ ಮಾಡಿದೆವು. ಬುಳುಬುಳು ಗುಳ್ಳೆ. ಸೈಲೆನ್ಸರ್ ಹಾಕಿದವರು ಹಳೇ ಗ್ಯಾಸ್ಕೆಟನ್ನೇ ಕೂರಿಸಿದ್ದರು. ಹೊಸದು ಹಾಕಿಸಿ ನಾಲ್ಕು ದಿನ ಓಡಿಸಿ ಬಂದ ಮೇಲೆ ಅದೇ ಪ್ರಶ್ನೆಗೆ '83' ಬಂತು. ಬರೇ ಎರಡು ಚಿಲ್ಲರೆ ಪರ್ಸೆಂಟ್. ಮ್ಯಾಪ್ ಹಾಕುವ ಮಾತು ಅಲ್ಲಿಗೆ ಮುಗಿಯಿತು. ಮೊದಲು ಬಂದ ಆ 19 ಪರ್ಸೆಂಟ್ ನಂಬಿ ಮ್ಯಾಪ್ ಬದಲಿಸಿದ್ದರೆ ಸುಳ್ಳು ಲೆಕ್ಕದ ಮೇಲೆ ಇನ್ನೊಂದು ಲೆಕ್ಕ ಬರೆದ ಹಾಗೆ ಆಗುತ್ತಿತ್ತು.

ಘಾಟಿಗೆ ಬೇರೆ ಮ್ಯಾಪ್ ಬೇಕು ಅನ್ನುವವರೂ ಬರುತ್ತಾರೆ. ಎಂಜಿನ್ ಆಫ್, ಕೀ ಆನ್ ಇಟ್ಟು '010ಬಿ', ಅಂದರೆ ಗಾಳಿಯ ಒತ್ತಡ ಎಷ್ಟು ಎಂದು, ಕೇಳಿ ನೋಡಿ. ಕುಂಬಳೆ ಕಡಲ ಬದಿಯಲ್ಲಿ ನನಗೆ 65 ಬಂತು, ಅಂದರೆ 101 ಕಿಲೋಪ್ಯಾಸ್ಕಲ್. ಮುಳ್ಳೇರಿಯ, ಜಾಲ್ಸೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿಯಲ್ಲಿ ಕೇಳಿದಾಗ 58, ಅಂದರೆ 88. ಗಾಳಿ ತೆಳುವಾದದ್ದು ಇಸಿಯುಗೆ ಆಗಲೇ ಗೊತ್ತು. ನಾವು ಹೇಳಿಕೊಡುವುದು ಬೇಡ.

ಇಷ್ಟೆಲ್ಲ ನೋಡಿಯೂ ಟ್ಯೂನ್ ಮಾಡಲೇಬೇಕು ಅಂದರೆ, ಇಎಲ್‌ಎಂ327 ಓದಲಿಕ್ಕೆ ಮಾತ್ರ. ಅದರಲ್ಲಿ ಮ್ಯಾಪ್ ಬರೆಯುವ ಸಾಹಸ ಬೇಡ. ಬರೆಯಲಿಕ್ಕೆ ನಿಮ್ಮ ಇಸಿಯುಗೆ ಸರಿಹೊಂದುವ ಬೇರೆ ಸಾಧನ ಬೇಕು. ಎಷ್ಟೋ ಇಸಿಯುಗಳಿಗೆ ಬೀಗ ಹಾಕಿಯೇ ಬಂದಿರುತ್ತದೆ. ಮೊದಲ ಸಲದವರಿಗೆ ನಾನು ಹೇಳುವುದು ಪಿಗ್ಗಿಬ್ಯಾಕ್ ಹಾಕಿ ಅಂತ. ಬೆಂಗಳೂರಿನಲ್ಲೇ ತಯಾರಾಗುವ ಪವರ್‌ಟ್ರಾನಿಕ್ ಆ ಜಾತಿಯದ್ದು. ಮೂಲ ಇಸಿಯುವನ್ನು ಮುಟ್ಟದೆ ನಡುವೆ ಕೂರುತ್ತದೆ, ಬೇಡ ಅನಿಸಿದರೆ ಕಿತ್ತು ಹಾಕಬಹುದು. ಮ್ಯಾಪ್ ಒಂದು ಕೋಷ್ಟಕ ಎಂದೆನಲ್ಲ, ಅದು ದೊಡ್ಡದು. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಥ್ರಾಟಲ್. ಒಂದು ಸಲಕ್ಕೆ ಎರಡು ಮೂರು ಪರ್ಸೆಂಟ್‌ಗಿಂತ ಜಾಸ್ತಿ ಬದಲಿಸಬೇಡಿ. ಬೈಕಿನ ಜೊತೆ ಬಂದ ಆಕ್ಸಿಜನ್ ಸೆನ್ಸರ್ ಜಾಸ್ತಿ, ಕಮ್ಮಿ ಎಂದಷ್ಟೇ ಹೇಳೀತು. ಎಷ್ಟು ಎಂದು ಗೊತ್ತಾಗಬೇಕಾದರೆ ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಕಿಡಿ ಯಾವಾಗ ಹಾರಬೇಕೆಂದು ಹೇಳುವ ಇಗ್ನಿಷನ್ ಟೈಮಿಂಗ್ ಕೋಷ್ಟಕವನ್ನಂತೂ ಮುಟ್ಟಲೇಬೇಡಿ. ಸಣ್ಣ ಬೈಕುಗಳಲ್ಲಿ ಹೆಚ್ಚಿನವಕ್ಕೆ, ಪೆಟ್ರೋಲ್ ತಪ್ಪಾಗಿ ಉರಿದು ಎಂಜಿನ್ ಬಡಿಯುವುದನ್ನು ಹಿಡಿಯುವ ನಾಕ್ ಸೆನ್ಸರ್ ಇಲ್ಲ. ಪಿಸ್ಟನ್ ಹೋದ ಮೇಲೆಯೇ ತಪ್ಪು ಗೊತ್ತಾಗುವುದು. ಮತ್ತೆ, ವಾರಂಟಿ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ಆ ಸೈಲೆನ್ಸರ್ ಬಗ್ಗೆಯೂ ಅಳಿಯನಿಗೆ ಹೇಳಿದೆ. ಕೇಳಿಸದವನ ಹಾಗೆ ಹೆಲ್ಮೆಟ್ ಒರೆಸುತ್ತಿದ್ದ.

ಇಸಿಯುಗೇ ಮ್ಯಾಪ್ ಬರೆಯುವುದಾದರೆ, ಆ ದಿನ ಬೈಕಿನ ಬ್ಯಾಟರಿಗೆ ಚಾರ್ಜರ್ ಕಟ್ಟಿ. ಕೀ ಆನ್ ಮಾಡಿದೊಡನೆ ಹೆಡ್‌ಲೈಟ್ ಉರಿಯುವ ಬೈಕಾದರೆ ಅದರ ಕನೆಕ್ಟರ್ ತೆಗೆದಿಡಿ. 35 ವ್ಯಾಟಿನ ಬಲ್ಬು ಸುಮಾರು ಮೂರು ಆಂಪಿಯರ್ ತಿನ್ನುತ್ತದೆ, ಈ ಸಣ್ಣ ಬ್ಯಾಟರಿಗೆ ಅದು ದೊಡ್ಡ ಹೊರೆ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಇರಲಿ, ವೈಫೈ ಆಫ್, ಸ್ಲೀಪ್ ಆಫ್. ಒಮ್ಮೆ ನನ್ನದೇ ಬೈಕಿಗೆ ಬರೆಯುತ್ತಿದ್ದಾಗ ಚಾ ಕುಡಿಯಲಿಕ್ಕೆ ಒಳಗೆ ಹೋಗಿದ್ದೆ. ಬಂದು ನೋಡುವಾಗ ಲ್ಯಾಪ್‌ಟಾಪ್ ನಿದ್ದೆ ಹೋಗಿತ್ತು, 61 ಪರ್ಸೆಂಟಿನಲ್ಲಿ. ಬೈಕು ಮತ್ತೆ ಉಸಿರೆತ್ತಲಿಲ್ಲ. ಡಬ್ಬಿ ಬಿಚ್ಚಿ ಮಂಗಳೂರಿಗೆ ಹೊತ್ತುಕೊಂಡು ಹೋಗಿ, ಅಲ್ಲೊಬ್ಬರು ಮೇಜಿನ ಮೇಲಿಟ್ಟು ಸೀದಾ ಚಿಪ್ಪಿಗೆ ಬರೆದುಕೊಟ್ಟ ಮೇಲೆ ಜೀವ ಬಂತು. ಅವರು ಕೇಳಿದ ಮೊದಲ ಪ್ರಶ್ನೆ: "ಒರಿಜಿನಲ್ ಫೈಲ್ ಇಟ್ಟಿದ್ದೀರಲ್ಲ?" ಪುಣ್ಯಕ್ಕೆ ಇಟ್ಟಿದ್ದೆ, ಪೆನ್‌ಡ್ರೈವ್‌ನಲ್ಲಿ ಒಂದು, ಮೇಲ್‌ನಲ್ಲಿ ಒಂದು.