ಹಳೆಯ ವಿಂಟೇಜ್ ಪೋರ್ಟ್: ಗಸಿ ಕದಡದಂತೆ ಬಸಿಯುವುದು ಹೇಗೆ?

ಮೂವತ್ತು ವರ್ಷ ಕತ್ತಲಲ್ಲಿ ಮಲಗಿದ್ದ ವಿಂಟೇಜ್ ಪೋರ್ಟ್ ವೈನ್ ಬಾಟಲಿಯನ್ನು ಐದೇ ನಿಮಿಷದಲ್ಲಿ ಹಾಳು ಮಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಯಾರೋ ಪ್ರೀತಿಯಿಂದ ಪೋರ್ಚುಗಲ್‌ನಿಂದ ತಂದುಕೊಟ್ಟಿರುತ್ತಾರೆ. ನೆಂಟರು ಸೇರಿದ ಖುಷಿಯಲ್ಲಿ ಬಾಟಲಿ ಎತ್ತಿ, ಬಿರಡೆ ಎಳೆದು, ನೇರ ಗ್ಲಾಸಿಗೆ ಸುರಿಯುತ್ತಾರೆ. ಮೊದಲ ಗ್ಲಾಸೇ ಮಬ್ಬು. ಕೊನೆಯದರಲ್ಲಿ ಬರೀ ಕೆಸರು. 'ಅಯ್ಯೋ, ಕೆಟ್ಟುಹೋಗಿದೆ' ಅಂತ ಸಿಂಕಿಗೆ ಚೆಲ್ಲುತ್ತಾರೆ. ವೈನ್ ಕೆಟ್ಟಿರುವುದಿಲ್ಲ. ಅದನ್ನು ಬಸಿಯಬೇಕಿತ್ತು, ಬಸಿದಿರುವುದಿಲ್ಲ.

ಮೊದಲು ಬಾಟಲಿ ಯಾವುದು ಅಂತ ತಿಳಿಯಿರಿ

ಅಸಲಿ ಪೋರ್ಟ್ ಬರುವುದು ಉತ್ತರ ಪೋರ್ಚುಗಲ್‌ನ ಡೌರು ನದಿ ಕಣಿವೆಯಿಂದ. 1756ರಲ್ಲೇ ಆ ಪ್ರದೇಶಕ್ಕೆ ಗಡಿ ಗುರುತಿಸಿದ್ದರು. ದ್ರಾಕ್ಷಿ ರಸ ಅರ್ಧ ಹುದುಗಿರುವಾಗಲೇ ಅದಕ್ಕೆ ಶೇ 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿಯ ಸ್ಪಿರಿಟ್ ಬೆರೆಸುತ್ತಾರೆ. ಹುದುಗುವುದು ಅಲ್ಲಿಗೇ ನಿಲ್ಲುತ್ತದೆ, ಹಣ್ಣಿನ ಸಿಹಿ ಹಾಗೇ ಉಳಿಯುತ್ತದೆ. ಕೊನೆಗೆ ಸಿಗುವುದು ಸುಮಾರು ಶೇ 20 ಆಲ್ಕೋಹಾಲ್ ಇರುವ ಗಟ್ಟಿ, ಸಿಹಿ ವೈನ್.

ಟಾನಿ ಅನ್ನುವ ಬಗೆ ಮರದ ಪೀಪಾಯಿಯಲ್ಲೇ ಮಾಗುತ್ತದೆ. ವಿಂಟೇಜ್ ಹಾಗಲ್ಲ. ಒಂದೇ ವರ್ಷದ ಬೆಳೆ. ಎರಡು, ಹೆಚ್ಚೆಂದರೆ ಮೂರು ವರ್ಷದೊಳಗೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಉಳಿದ ವಯಸ್ಸೆಲ್ಲ ಬಾಟಲಿಯೊಳಗೇ. ಬಣ್ಣ, ಒಗರು ಎಲ್ಲ ಬೇರೆಲ್ಲೂ ಹೋಗಲಾರದೆ ನಿಧಾನಕ್ಕೆ ಗಸಿಯಾಗಿ ಕೂರುತ್ತವೆ. ಗಸಿ ಇದೆ ಅಂದರೆ ವೈನ್ ಸರಿಯಾಗಿ ಮಾಗಿದೆ ಅಂತಲೇ ಅರ್ಥ. ತಯಾರಕರು ಎಲ್ಲ ವರ್ಷವೂ ವಿಂಟೇಜ್ ಘೋಷಿಸುವುದಿಲ್ಲ, ಬೆಳೆ ತುಂಬ ಚೆನ್ನಾಗಿ ಬಂದಾಗ ಮಾತ್ರ. ಸಾಮಾನ್ಯವಾಗಿ ದಶಕಕ್ಕೆ ಮೂರು ಸಲ. 1963, 1977, 1994, 2011 ಹೆಸರಾಂತ ವರ್ಷಗಳು. 2016 ಮತ್ತು 2017ರಲ್ಲಿ ಬೆನ್ನುಬೆನ್ನಿಗೆ ಘೋಷಿಸಿದಾಗ ಅದೇ ದೊಡ್ಡ ಸುದ್ದಿಯಾಗಿತ್ತು.

ಬಾಟಲಿಗೆ ಪ್ಲಾಸ್ಟಿಕ್ ತಲೆಯ, ಕೈಯಲ್ಲೇ ಎಳೆಯುವ ಮುಚ್ಚಳ ಇದ್ದರೆ ಈ ಲೇಖನ ನಿಮಗೆ ಬೇಡ. ಅದು ಸೋಸಿದ್ದು, ಸುಮ್ನೆ ತೆರೆದು ಕುಡಿಯಿರಿ. ಇನ್ನು, ಗೋವಾದಲ್ಲೂ ನಮ್ಮ ಅಂಗಡಿಗಳಲ್ಲೂ ಅಗ್ಗಕ್ಕೆ ಸಿಗುವ ಸಿಹಿ 'ಪೋರ್ಟ್ ವೈನ್' ಇದೆಯಲ್ಲ, ಅದಕ್ಕೂ ಡೌರು ಕಣಿವೆಗೂ ಸಂಬಂಧ ಇಲ್ಲ. ಅದನ್ನು ಕುಡಿದು 'ಪೋರ್ಟ್ ಅಂದ್ರೆ ಇಷ್ಟೇನಾ' ಅಂತ ತೀರ್ಮಾನಿಸಬೇಡಿ.

ನಿಲ್ಲಿಸಿ, ಬಿಟ್ಟುಬಿಡಿ

ಮಲಗಿಸಿಟ್ಟ ಬಾಟಲಿಯನ್ನು ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ವಿಮಾನದಲ್ಲಿ ಬಂದದ್ದಾದರೆ ಎರಡು ವಾರ ಮುಟ್ಟಲೇಬೇಡಿ. ಹಳೆಯ ಬಾಟಲಿಗಳ ಮೈಮೇಲೆ ಒಂದು ಬಿಳಿ ಬಣ್ಣದ ಗೆರೆ ಇರುತ್ತದೆ. ಮಲಗಿದಾಗ ಆ ಬದಿ ಮೇಲಿತ್ತು ಅಂತ ಅದರ ಗುರುತು. ಬಗ್ಗಿಸುವಾಗಲೂ ಅದೇ ಬದಿ ಮೇಲಿರಲಿ. ಕೆಳಬದಿಗೆ ಅಂಟಿದ ಗಸಿ ಅಲ್ಲೇ ಉಳಿಯುತ್ತದೆ.

ಬಿರಡೆ

ಹಳೆಯ ಬಿರಡೆ ಮೆತ್ತಗಾಗಿರುತ್ತದೆ. ತಿರುಪಿನ ಓಪನರ್ ಹಾಕಿದರೆ ನಡುವೆ ಪುಡಿಯಾಗಿ ಅರ್ಧ ಒಳಗೆ ಬೀಳುತ್ತದೆ. ಎರಡು ತೆಳು ತಗಡಿನ ಕಾಲಿರುವ ಓಪನರ್ ಕೊಳ್ಳಿ. ಕಾಲುಗಳನ್ನು ಬಿರಡೆಗೂ ಗಾಜಿಗೂ ನಡುವೆ ಆಚೀಚೆ ಅಲುಗಿಸುತ್ತ ಇಳಿಸಿ, ತಿರುಗಿಸುತ್ತ ಎಳೆಯಿರಿ. ಪೋರ್ಚುಗಲ್‌ನಲ್ಲಿ ಕೆಲವರು ಇಕ್ಕಳವನ್ನು ಕೆಂಪಗೆ ಕಾಯಿಸಿ ಬಾಟಲಿಯ ಕತ್ತಿಗೆ ಹಿಡಿದು, ಮೇಲೆ ಒದ್ದೆ ಬಟ್ಟೆ ಒತ್ತಿ, ಗಾಜನ್ನೇ ನೀಟಾಗಿ ಮುರಿಯುತ್ತಾರೆ. ನೋಡಲು ಚಂದ. ಮನೆಯಲ್ಲಿ ಬೇಡ. ಬಂದ ಬಿರಡೆಯನ್ನು ಎಸೆಯಬೇಡಿ. ಲೇಬಲ್ ಹಾಳಾಗಿದ್ದರೂ ವೈನ್ ತಯಾರಿಸಿದ ಕಂಪನಿಯ ಹೆಸರು, ವರ್ಷ ಅದರ ಮೇಲೆ ಅಚ್ಚಾಗಿರುತ್ತದೆ.

ಬಸಿಯುವುದು: ಎಲ್ಲರೂ ಎಡವುವುದು ಇಲ್ಲೇ

ಒಂದು ಗಾಜಿನ ಜಗ್ ತೆಗೆದುಕೊಳ್ಳಿ. ಮೂಗಿಟ್ಟು ನೋಡಿ. ಸೋಪಿನದ್ದೋ ಕಪಾಟಿನದ್ದೋ ವಾಸನೆ ಬಂದರೆ ಬಿಸಿನೀರಿನಲ್ಲಿ ಮತ್ತೆ ತೊಳೆದು ಒಣಗಿಸಿ. ಬಾಟಲಿ ಬಾಯಿಯ ಒಳಗೂ ಹೊರಗೂ ಒದ್ದೆ ಬಟ್ಟೆಯಿಂದ ಒರೆಸಿ. ಬಿರಡೆಯ ಸುತ್ತ ಕಪ್ಪು ಬೂಷ್ಟು ಸೇರಿರುತ್ತದೆ.

ಈಗ ಕೋಣೆಯ ದೀಪ ಆರಿಸಿ. ಫೋನಿನ ಟಾರ್ಚ್ ಹಚ್ಚಿ ಬೆಳಕು ಮೇಲೆ ಬರುವಂತೆ ಮೇಜಿನ ಮೇಲಿಡಿ. ಬಾಟಲಿಯ ಕತ್ತು ಆ ಬೆಳಕಿನ ಮೇಲೆ ಬರಲಿ. ಜಗ್ಗನ್ನು ಸ್ವಲ್ಪ ವಾಲಿಸಿ, ಸಣ್ಣ ಧಾರೆಯಲ್ಲಿ ಗಾಜಿನ ಗೋಡೆಗುಂಟ ಬಗ್ಗಿಸಿ. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಿಸಬೇಡಿ, ಬಾಟಲಿಯನ್ನು ಮತ್ತೆ ನೆಟ್ಟಗೆ ಮಾಡಬೇಡಿ. ಹಾಗೆ ಮಾಡಿದರೆ ವೈನ್ ಹಿಂದಕ್ಕೆ ನುಗ್ಗಿ ಗಸಿಯೆಲ್ಲ ಏಳುತ್ತದೆ. ಮಾತಾಡಿಸುವವರಿದ್ದರೆ ಸ್ವಲ್ಪ ಹೊತ್ತು ಸುಮ್ಮನಿರಿ ಅನ್ನಿ.

ಕತ್ತಿನಲ್ಲಿ ಮೊದಲು ತಿಳಿಯಾದ ಮಾಣಿಕ್ಯದ ಬಣ್ಣ ಹರಿಯುತ್ತದೆ. ಬಾಟಲಿ ಖಾಲಿಯಾಗುತ್ತ ಬಂದಾಗ ತಳದ ಕಡೆಯಿಂದ ಹೊಗೆಯಂಥ ತೆಳು ಎಳೆಯೊಂದು ಕತ್ತಿನತ್ತ ಬರುತ್ತದೆ. ಧಾರೆ ಇನ್ನೂ ಸಣ್ಣ ಮಾಡಿ. ಹಿಂದೆಯೇ ಕಪ್ಪು ಚಕ್ಕೆಗಳು ಬಾಟಲಿಯ ಭುಜಕ್ಕೆ ಬಂದು ಸೇರುತ್ತವೆ. ಆ ಕ್ಷಣ ನಿಲ್ಲಿಸಿ. ಅರ್ಧ ಗ್ಲಾಸಿನಷ್ಟು ಉಳಿಯುತ್ತದೆ, ಉಳಿಯಲಿ. ಆ ಆಸೆಗೆ ಬಿದ್ದೇ ಜನ ಇಡೀ ಜಗ್ ಕೆಡಿಸುವುದು. ಉಳಿದದ್ದನ್ನು ಮಲ್ಮಲ್ ಬಟ್ಟೆಯಲ್ಲಿ ಸೋಸಿ ಅಡುಗೆಗೆ ಬಳಸಿ, ಜಗ್ಗಿಗೆ ಬೆರೆಸಬೇಡಿ. ಕಾಫಿ ಫಿಲ್ಟರ್ ಕಾಗದ ಮಾತ್ರ ಬೇಡವೇ ಬೇಡ, ಕಾಗದದ ರುಚಿ ಇಳಿಯುತ್ತದೆ.

ಕುಡಿಯುವುದು

ಇಪ್ಪತ್ತು ವರ್ಷದೊಳಗಿನದಾದರೆ ಬಸಿದು ಕೆಲವು ಗಂಟೆ ಬಿಡಿ. ನಲವತ್ತು ದಾಟಿದ್ದರೆ ಬಸಿದ ಕೂಡಲೇ ಹಂಚಿ, ಅದರ ಪರಿಮಳ ಬೇಗ ಹಾರಿಹೋಗುತ್ತದೆ. 16ರಿಂದ 18 ಡಿಗ್ರಿ ಇರಬೇಕು. ನಮ್ಮ ಮನೆಗಳಲ್ಲಿ ಅಷ್ಟು ತಂಪು ಎಲ್ಲಿ? ಜಗ್ಗನ್ನು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ಬೆರಳುದ್ದದ ಲಿಕರ್ ಗ್ಲಾಸ್ ಬೇಡ. ಮಾಮೂಲಿ ವೈನ್ ಗ್ಲಾಸಿನಲ್ಲಿ ಮೂರರಲ್ಲೊಂದು ಭಾಗ ಸಾಕು.

ಎಳೆಯದರಲ್ಲಿ ನೇರಳೆ ಹಣ್ಣು, ಕಪ್ಪು ಚಾಕೊಲೇಟ್, ಹಲ್ಲಿಗೆ ಹಿಡಿಯುವ ಒಗರು. ಮಾಗಿದ್ದರ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಒಣ ಅಂಜೂರ, ಲವಂಗ, ಚಹಾ ಎಲೆ ಒಂದೊಂದಾಗಿ ಬರುತ್ತವೆ. ನುಂಗಿದ ಮೇಲೂ ರುಚಿ ಬಹಳ ಹೊತ್ತು ಬಾಯಲ್ಲಿ ನಿಂತಿರುತ್ತದೆ. ಅದಕ್ಕೇ ಗುಟುಕು ಗುಟುಕಾಗಿ, ನಡುವೆ ಬಿಡುವು ಕೊಟ್ಟು ಕುಡಿಯಿರಿ.

ಜೊತೆಗೆ ಅಕ್ರೋಟು, ಉಪ್ಪುಪ್ಪಾದ ಚೀಸ್. ಇಂಗ್ಲೆಂಡಿನವರು ಸ್ಟಿಲ್ಟನ್ ಇಡುತ್ತಾರೆ. ಪೋರ್ಚುಗಲ್‌ನಲ್ಲಿ ಕುರಿ ಹಾಲಿನ ಸೆರ್ರಾ ಡ ಎಸ್ಟ್ರೆಲಾ. ಗುಲಾಬ್ ಜಾಮೂನು, ಮೈಸೂರು ಪಾಕು ಪಕ್ಕದಲ್ಲಿಟ್ಟರೆ ವೈನ್ ಸಪ್ಪೆ ಅನ್ನಿಸುತ್ತದೆ.

ತೆರೆದ ವಿಂಟೇಜ್ ತಡೆಯುವುದಿಲ್ಲ. ಹಳೆಯದು ಮರುದಿನಕ್ಕೇ ಇಳಿಯುತ್ತದೆ. ಎಳೆಯದನ್ನು ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ. ವಾರಗಟ್ಟಲೆ ಇಟ್ಟು ಸ್ವಲ್ಪಸ್ವಲ್ಪ ಕುಡಿಯುವ ಆಸೆ ಇದ್ದರೆ ಟಾನಿ ಕೊಳ್ಳಿ. ವಿಂಟೇಜ್ ಬಾಟಲಿಯನ್ನು ಆರೇಳು ಜನ ಊಟಕ್ಕೆ ಬರುವ ದಿನವೇ ತೆರೆಯಿರಿ.