ಕೆಂಪು ಯೀಸ್ಟಿಗೆ ನೀಲಿ ಬೆಳಕು: ನನ್ನ ಅನುಭವ

ರೊಡೊಟೊರುಲಾ ಎಂಬ ಕೆಂಪು ಯೀಸ್ಟ್ ಕತ್ತಲಲ್ಲೂ ಕೆಂಪಾಗುತ್ತದೆ, ಆದ್ದರಿಂದ ದೀಪಕ್ಕೆ ಹಣ ಸುರಿಯುವುದು ವ್ಯರ್ಥವೆಂದು ಜೊತೆಯವರು ಹೇಳುತ್ತಲೇ ಇದ್ದರು. ಈಗ ನೀಲಿ ಬೆಳಕು ಕೊಟ್ಟ ನನ್ನ ಫ್ಲಾಸ್ಕುಗಳಲ್ಲಿ ಒಣ ಕೋಶದ ಪ್ರತಿ ಗ್ರಾಮಿಗೆ ಸಿಗುವ ಕೆರೊಟಿನಾಯ್ಡ್ (ಕೆಂಪು ಕೊಡುವ ಬಣ್ಣದ ಪದಾರ್ಥ) ಕತ್ತಲಲ್ಲಿ ಬೆಳೆದದ್ದರ ಸುಮಾರು ಒಂದೂವರೆ ಪಟ್ಟು ಇದೆ. ಒಂದು ಲೀಟರ್ ದ್ರವದಲ್ಲಿ ಸಿಗುವ ಒಟ್ಟು ಬಣ್ಣದ ಲೆಕ್ಕದಲ್ಲೂ ಬೆಳಕಿನ ಫ್ಲಾಸ್ಕೇ ಮುಂದಿದೆ. ಲೀಟರಿನ ಲೆಕ್ಕವನ್ನು ಒತ್ತಿ ಹೇಳಲು ಕಾರಣವಿದೆ. ಇನಾಕ್ಯುಲಮ್ (ಹೆಪ್ಪಿನಂತೆ ಹಾಕುವ ಯೀಸ್ಟ್ ಕೋಶಗಳು) ಹಾಕಿದ ಗಳಿಗೆಯಿಂದಲೇ ನೀಲಿ ಬೆಳಕು ಕೊಟ್ಟಾಗ ಕೋಶಗಳು ಕಡುಗೆಂಪಾಗುತ್ತಿದ್ದರೂ ಬೆಳವಣಿಗೆ ಕುಂಠಿತವಾಗಿ, ಒಟ್ಟು ಬಣ್ಣ ಕತ್ತಲಿನ ಫ್ಲಾಸ್ಕಿಗಿಂತ ಕಡಿಮೆಯೇ ಆಗುತ್ತಿತ್ತು.

ಖರ್ಚಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಬಹುವರ್ಣದ ಎಲ್‌ಇಡಿ ಫಲಕವೊಂದೇ ನುಂಗಿತು. ಅದರ 660 ನ್ಯಾನೊಮೀಟರಿನ ಕೆಂಪು ಸಾಲುಗಳು ನನ್ನ ತಳಿಯಲ್ಲಿ ಯಾವ ವ್ಯತ್ಯಾಸವನ್ನೂ ತೋರಲಿಲ್ಲ. ಕೆಲಸಕ್ಕೆ ಬಂದದ್ದು 450–460ರ ನೀಲಿ ಮಾತ್ರ. ಅದಕ್ಕೆ ಫಲಕದ ಬೆಲೆಯ ಹತ್ತನೆಯ ಒಂದು ಪಾಲಿನಷ್ಟೇ ಬೆಲೆಯ ಎಲ್‌ಇಡಿ ಪಟ್ಟಿ ಸಾಕಾಯಿತು. ಆದರೆ ದೀಪದ ಕೆಳಗೆ ಮಾಧ್ಯಮ (ಯೀಸ್ಟ್ ಬೆಳೆಯುವ ಪೋಷಕ ದ್ರವ) 28 ಡಿಗ್ರಿಯಿಂದ 33ರವರೆಗೆ ಏರುತ್ತಿದ್ದುದರಿಂದ ಫ್ಯಾನಿಗೂ ಖರ್ಚು ಮಾಡಬೇಕಾಯಿತು. ಹೋಲಿಕೆಗಾಗಿ ಇಡುವ ಕತ್ತಲಿನ ಫ್ಲಾಸ್ಕನ್ನು ಫಾಯಿಲ್ ಸುತ್ತಿ ಅದೇ ದೀಪದ ಕೆಳಗೇ ಇಡಬೇಕು, ಇಲ್ಲವಾದರೆ ಶಾಖದ ಪರಿಣಾಮವೂ ಬೆಳಕಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಕೊನೆಗೆ ಫಲಿಸಿದ ಕ್ರಮ ಸರಳವಾದದ್ದು. ಮೊದಲ ಎರಡು ದಿನ ಪೂರ್ಣ ಕತ್ತಲು. ಗ್ಲೂಕೋಸ್ ಬಹುಪಾಲು ಮುಗಿದು ಬೆಳವಣಿಗೆ ನಿಧಾನವಾಗುವ ಹೊತ್ತಿಗೆ ನೀಲಿ ಬೆಳಕು. ಕೋಶಗಳು ದಟ್ಟವಾಗಿ ಬೆಳೆದ ದ್ರವದೊಳಗೆ ಬೆಳಕು ಹೆಚ್ಚು ಆಳಕ್ಕೆ ಇಳಿಯದ ಕಾರಣ ದ್ರವದ ಎತ್ತರವನ್ನು ಒಂದು ಸೆಂಟಿಮೀಟರಿನ ಆಸುಪಾಸಿನಲ್ಲೇ ಇಡುತ್ತೇನೆ. ಬೆಳಕನ್ನು ಬಿಟ್ಟುಬಿಟ್ಟು ಕೊಡುತ್ತೇನೆ. ಬೆಳಕು ಎಷ್ಟು ಹೊತ್ತು, ಬಿಡುವು ಎಷ್ಟು ಹೊತ್ತು ಎಂಬ ಆ ಅಂತರವೇ ಈ ವಿಧಾನದ ಜೀವಾಳವಾದ್ದರಿಂದ ಅದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ.

ನಡುವೆ ಇನ್ನೊಂದು ಕುತೂಹಲವೂ ಕಾಡಿತು. ಮಾಧ್ಯಮಕ್ಕೆ ಹಾಕುವ ಯೀಸ್ಟ್ ಎಕ್ಸ್‌ಟ್ರಾಕ್ಟಿನಲ್ಲಿ (ಯೀಸ್ಟಿನ ಸಾರ) ಇರುವ ರೈಬೊಫ್ಲಾವಿನ್ (ಬಿ2 ವಿಟಮಿನ್) ನೀಲಿ ಬೆಳಕಿಗೆ ಒಡೆದು ಪೆರಾಕ್ಸೈಡ್ ಹುಟ್ಟಿಸುತ್ತದೆಯಲ್ಲವೇ? ಕೆರೊಟಿನಾಯ್ಡ್ ಅಂಥ ಆಕ್ಸಿಡೀಕರಣದ ವಿರುದ್ಧದ ರಕ್ಷಣೆಯೂ ಹೌದು. ಹಾಗಾದರೆ ಬಣ್ಣ ಏರುವುದು ಆ ಪೆರಾಕ್ಸೈಡಿನಿಂದಲೇ ಇರಬಹುದೇ ಎಂದು ನೋಡಲು ಬರಿಯ ಮಾಧ್ಯಮಕ್ಕೆ ರಾತ್ರಿಯಿಡೀ ಬೆಳಕು ಕೊಟ್ಟು, ಆಮೇಲೆ ಇನಾಕ್ಯುಲಮ್ ಹಾಕಿ ಕತ್ತಲಲ್ಲಿ ಬೆಳೆಸಿದೆ. ಬಣ್ಣ ತುಸು ಏರಿತಾದರೂ ಕೋಶಗಳಿಗೇ ಬೆಳಕು ಬಿದ್ದಾಗಿನ ಮಟ್ಟಕ್ಕೆ ಬರಲಿಲ್ಲ. ಆದ್ದರಿಂದ ಬೆಳಕಿನ ಕೆಲಸ ಮುಖ್ಯವಾಗಿ ಕೋಶದ ಒಳಗೇ ನಡೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಳತೆಯ ವಿಷಯದಲ್ಲಿ ಒಂದು ಮಾತು: ಬರಿಯ ಅಸಿಟೋನಿಗೆ ಈ ಕೋಶಗಳ ಗೋಡೆ ಬಗ್ಗುವುದಿಲ್ಲ. 55 ಡಿಗ್ರಿಯ ಡಿಎಂಎಸ್ಒ (ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕ) ದ್ರವದಲ್ಲಿ ನೆನೆಸಿ, ನಂತರ ಅಸಿಟೋನ್ ಹಾಕಿ, ಪೆಲೆಟ್ (ತಳಕ್ಕೆ ಕೂರುವ ಕೋಶಗಳ ಉಂಡೆ) ಬಿಳಿಯಾಗುವವರೆಗೂ ತೊಳೆಯಬೇಕು. ಪೆಲೆಟ್ಟಿನಲ್ಲಿ ಗುಲಾಬಿ ಛಾಯೆ ಉಳಿದಿರುವಾಗ ತೆಗೆದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.