ಹಿತ್ತಲ ನಲ್ಲಿ ಕೊನೆಗೂ ಸೋರುವುದು ನಿಲ್ಲಿಸಿತು

ಮೂಡಿಗೆರೆ ಹತ್ತಿರದ ನಮ್ಮ ಮನೆಯ ಹಿತ್ತಲ ನಲ್ಲಿ ಎರಡು ವರ್ಷದಿಂದ ಸೋರುತ್ತಿತ್ತು. ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆಯುವ ದಿನ ಡ್ರಮ್ ತುಂಬಿಸುವುದು ಅದರಿಂದಲೇ. ರಾತ್ರಿ ಬಕೆಟ್ ಇಟ್ಟರೆ ಬೆಳಿಗ್ಗೆ ಮುಕ್ಕಾಲು ತುಂಬಿರುತ್ತಿತ್ತು. ಪ್ಲಂಬರ್ ನೋಡಿ, 'ಹಳೇ ಪೈಪು, ಮುಟ್ಟಿದರೆ ಒಡೆಯುತ್ತೆ, ಇಡೀ ಲೈನ್ ಬದಲಾಯಿಸಿ' ಎಂದ. ಕೇಳಿದ್ದು ನಾಲ್ಕೂವರೆ ಸಾವಿರ. ಮನೆಯವರೂ ಅವನ ಕಡೆಗೇ!

ಮೊದಲು ಟೆಫ್ಲಾನ್ ಟೇಪ್ ಸುತ್ತಿ ಬಿಗಿ ಮಾಡಿದೆ. ಇನ್ನರ್ಧ ಸುತ್ತು ಇರಲಿ ಅಂತ ಸ್ಪ್ಯಾನರ್ ತಿರುಗಿಸಿದೆ ನೋಡಿ, ಟಕ್ ಅಂತ ಪ್ಲಾಸ್ಟಿಕ್ ಎಲ್ಬೋ (ಪೈಪು ತಿರುಗುವಲ್ಲಿ ಹಾಕುವ ಮೊಣಕೈ ತುಂಡು) ಸೀಳಿತು. ಸೀಳಿಗೆ ಎಂ-ಸೀಲ್ ಅಂಟು ಮೆತ್ತಿದೆ. ಹತ್ತು ದಿನ ಬಂದಿರಬೇಕು.

ಆಮೇಲೆ ಅರ್ಧ ಇಂಚಿನ ಬಿಳಿ ಎಲ್ಬೋ ತಂದೆ. ಮೋಸ ಹೋಗಿದ್ದು ಇಲ್ಲೇ. ಹಳೇ ಬೂದು ಪೈಪಿನ ಹೊರ ಅಳತೆ 20 ಎಂಎಂ. ಆ ಎಲ್ಬೋ ಕೂರುವ ಬಿಳಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪಿನದು 21.3. ಒಳಗೆ ಹಾಕಿದರೆ ಲೊಡಲೊಡ. 'ಸಲ್ಯೂಷನ್ (ಪೈಪಿನ ಅಂಟು) ಜಾಸ್ತಿ ಹಾಕಿ, ಕೂರುತ್ತೆ' ಎಂದ ಅಂಗಡಿಯವನ ಮಾತು ನಂಬಿದೆ. ಮಾರನೇ ದಿನ ವಾಲ್ವ್ ತಿರುಗಿಸಿದರೆ ಎಲ್ಬೋ ಹಾರಿ ಬಾಳೆಬುಡಕ್ಕೆ ಬಿತ್ತು. ತೆಂಗಿನ ಗರಿಯ ಬೆಂಕಿಯಲ್ಲಿ ಪೈಪಿನ ಬಾಯಿ ಕಾಯಿಸಿ ಹಿಗ್ಗಿಸಲೂ ನೋಡಿದೆ. ಹೊಸ ಪೈಪಾದರೆ ಬಗ್ಗುತ್ತೆ. ಇದು ಬಿಸಿಲಿಗೆ ಒಣಗಿದ್ದು, ಹಪ್ಪಳದ ಹಾಗೆ ಮುರಿಯಿತು. ಇಷ್ಟಕ್ಕೇ ಐನೂರು, ಐನೂರೈವತ್ತು ಹೋಗಿತ್ತು.

ಆ ಮುರಿದ ತುಂಡೇ ದಾರಿ ತೋರಿಸಿತು ಅನ್ನಿ. ಸುಮ್ನೆ ಒಂದಡಿ ಅಗೆದೆ. ಮಣ್ಣಿನೊಳಗಿನ ಪೈಪು ಬಿಸಿಲು ಕಂಡಿರಲಿಲ್ಲ, ಇನ್ನೂ ಗಟ್ಟಿ ಇತ್ತು. ಅಲ್ಲಿಗೇ ಆಕ್ಸಾ ಬ್ಲೇಡ್ ಹಾಕಿದೆ. ತುಂಡನ್ನು ಜೇಬಲ್ಲಿಟ್ಟುಕೊಂಡು ಹೋಗಿ ಅದಕ್ಕೇ ಹಿಡಿಯುವ 20 ಎಂಎಂ ಕಪ್ಲರ್ (ಎರಡು ಪೈಪು ಸೇರಿಸುವ ತುಂಡು), ಪೈಪು, ನಲ್ಲಿ ತಿರುಗಿಸಿ ಕೂರಿಸಲು ಹಿತ್ತಾಳೆ ಥ್ರೆಡ್ ಇರುವ ಎಲ್ಬೋ ತಂದೆ. ವಾಲ್ವ್ ಮುಚ್ಚಿದರೂ ನೀರು ಜಿನುಗುತ್ತಿತ್ತು. ಒದ್ದೆಗೆ ಸಲ್ಯೂಷನ್ ಹಿಡಿಯಲ್ಲ ಅಲ್ವಾ? ಅಂಟಿಸುವಷ್ಟು ಹೊತ್ತು ನೀರು ತಡೆಯಲು ಪೈಪಿನೊಳಗೆ ಬ್ರೆಡ್ ತುರುಕುವವರಿದ್ದಾರೆ. ನಾನು ತುರುಕಿದ್ದು ಬೇರೆ, ಅದನ್ನು ಮಾತ್ರ ಹೇಳಲ್ಲ. ಎಲ್ಲ ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟೆ.

ಅಸಲು ಕೆಲಸ ಅದಾದ ಮೇಲಿನದು. ಹೋಸ್ ಎಳೆದಾಗಲೆಲ್ಲ ನಲ್ಲಿ ಅಲ್ಲಾಡಿ, ಭಾರವೆಲ್ಲ ಪೈಪಿನ ಮೇಲೇ ಬೀಳುತ್ತಿತ್ತು. ಬೇಲಿಯದೊಂದು ಹಳೇ ಕಲ್ಲುಕಂಬ ನೆಟ್ಟು, ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಾಂಪ್ ಹಾಕಿದೆ. ಹೊರಗೆ ಕಾಣುವ ಪೈಪಿಗೆ ಮನೆಯಲ್ಲಿ ಮಿಕ್ಕಿದ್ದ ಪೇಂಟ್ ಬಳಿದೆ.

ಈ ಸಲದ ಖರ್ಚು ಸುಮಾರು 350. ಎರಡು ಮಳೆಗಾಲ ಕಳೆಯಿತು. ಮೊನ್ನೆ ಒಂದು ವಾಷರ್ ಬದಲಾಯಿಸಿದೆ, ಐದು ರೂಪಾಯಿ.